ಗಾರ್ಡನ್ ಕೆಲಸದವರ ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಂಥ ಊರುಗಳ ಅಪಾರ್ಟ್‌ಮೆಂಟು, ಕಚೇರಿ ಕ್ಯಾಂಪಸ್ಸು, ಬಡಾವಣೆಯ ಪಾರ್ಕು, ರಸ್ತೆ ಮಧ್ಯದ ಹಸಿರುಪಟ್ಟಿ ಇವನ್ನೆಲ್ಲ ನೋಡಿಕೊಳ್ಳುವುದು ನಾಲ್ಕರಿಂದ ಹತ್ತು ಜನರ ಸಣ್ಣ ತಂಡಗಳು. ಮಾಲಿಗಳು, ಮೇಸ್ತ್ರಿಗಳು, ಸೂಪರ್‌ವೈಸರ್‌ಗಳು, ಗುತ್ತಿಗೆ ಕೊಡುವ ಅಸೋಸಿಯೇಷನ್‌ನವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇವೆ.

## ಕೆಲಸಕ್ಕೆ ಇಳಿಯುವ ಮೊದಲು

ಹುಲ್ಲು ಕತ್ತರಿಸೋಕೆ ಇಷ್ಟೆಲ್ಲ ಸೇಫ್ಟಿ ಯಾಕೆ ಸಾರ್? ಹುಷಾರಾಗಿ ಮಾಡಿದ್ರೆ ಸಾಲದಾ?

ಸಾಲದು. ಬ್ರಷ್ ಕಟರಿನ (ಉದ್ದ ಕೋಲಿನ ತುದಿಯಲ್ಲಿ ಬ್ಲೇಡು ತಿರುಗುವ, ಹುಲ್ಲು-ಪೊದೆ ಕತ್ತರಿಸುವ ಮೆಷಿನ್ನು) 255 ಮಿ.ಮೀ. ಬ್ಲೇಡು ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಅದಕ್ಕೆ ತಗುಲಿದ ಜಲ್ಲಿ ಕಲ್ಲು ಹಾರಿದ್ದು ಕಣ್ಣಿಗೆ ಕಾಣುವುದೇ ಇಲ್ಲ, ಇನ್ನು ತಪ್ಪಿಸಿಕೊಳ್ಳುವ ಮಾತೆಲ್ಲಿ? ಮೇಸ್ತ್ರಿ ಹೇಳುವ ‘ಹುಷಾರು’ ಕಲ್ಲು ಹಾರುವುದನ್ನು ತಡೆಯುವುದಿಲ್ಲ. ತಡೆಯುವುದು ಮೂರು: ಮೊದಲೇ ಕಲ್ಲು ಆರಿಸುವುದು, ಮೆಷಿನ್ನಿನ ಗಾರ್ಡು ಬಿಚ್ಚದಿರುವುದು, ಬೇರೆಯವರನ್ನು ದೂರ ಇಡುವುದು. ಕನ್ನಡಕ, ಬೂಟು ಬರುವುದು ಇವೆಲ್ಲ ಆದ ಮೇಲೆ. ತಂಡಕ್ಕೆ ಕನ್ನಡಕ ಹಂಚಿ ಫೋಟೊ ತೆಗೆದು ಕೈತೊಳೆದುಕೊಳ್ಳುವ ಗುತ್ತಿಗೆದಾರರು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದಾರೆ.

ದಿನಾ ಏನೇನು ಹಾಕ್ಕೋಬೇಕು? ಎಲ್ಲದಕ್ಕೂ ಒಂದೇ ಗ್ಲೌಸ್ ನಡೆಯುತ್ತಾ?

ನಡೆಯುವುದಿಲ್ಲ. ಮುಳ್ಳು, ಕಟಿಂಗ್, ಕಲ್ಲು ಎತ್ತುವ ಕೆಲಸಕ್ಕೆ ಚರ್ಮದ ಅಥವಾ ಅಂಗೈಗೆ ರಬ್ಬರ್ ಲೇಪ ಇರುವ ಗ್ಲೌಸು. ಔಷಧಿ ಹೊಡೆಯುವಾಗ ಮೊಣಕೈ ಹತ್ತಿರ ಬರುವ ನೈಟ್ರೈಲ್ ರಬ್ಬರಿನ ಗ್ಲೌಸೇ ಆಗಬೇಕು. ಚರ್ಮ ಮತ್ತು ಬಟ್ಟೆಯ ಗ್ಲೌಸುಗಳು ಔಷಧಿ ಹೀರಿಕೊಂಡು ದಿನವಿಡೀ ಕೈಗೆ ಉಜ್ಜುತ್ತಲೇ ಇರುತ್ತವೆ, ಅದಕ್ಕಿಂತ ಬರಿಗೈಯೇ ಮೇಲು ಅನ್ನುವಷ್ಟು.

ಉಳಿದಂತೆ ಉದ್ದ ಪ್ಯಾಂಟು, ತುಂಬು ತೋಳಿನ ಅಂಗಿ, ಬೆರಳ ತುದಿಗೆ ಗಟ್ಟಿ ಕವಚವಿರುವ ಬೂಟು, ಪಕ್ಕದಲ್ಲೂ ಮುಚ್ಚುವ ಕನ್ನಡಕ. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಸಂಖ್ಯೆಯನ್ನೂ ನೋಡಿ: ಕಣ್ಣಿಗೆ ಐಎಸ್ 5983, ಬೂಟಿಗೆ ಐಎಸ್ 15298, ಹೆಲ್ಮೆಟ್ಟಿಗೆ ಐಎಸ್ 2925, ಎತ್ತರದ ಕೆಲಸದ ಬೆಲ್ಟಿಗೆ ಐಎಸ್ 3521. ತಂಪು ಕನ್ನಡಕ ಲೆಕ್ಕಕ್ಕಿಲ್ಲ, ಅದು ಒಡೆದರೆ ಚೂರು ಕಣ್ಣಿಗೇ ಹೋಗುತ್ತದೆ.

ನಮ್ಮ ತಂಡದಲ್ಲಿ ಹೆಂಗಸರೇ ಜಾಸ್ತಿ. ಸೀರೆಯಲ್ಲಿ ಕೆಲಸ ಮಾಡ್ತಾರೆ, ಅವರಿಗೆ ಬೇರೆ ಏನಾದ್ರೂ ಬೇಕಾ?

ಕಳೆ ಕೀಳಲು, ಪಾತಿ ಮಾಡಲು ಸೀರೆಯ ಮೇಲೆ ತುಂಬು ತೋಳಿನ ಅಂಗಿ ತೊಟ್ಟು ಸೆರಗನ್ನು ಒಳಗೆ ಸಿಕ್ಕಿಸಿದರೆ ಸಾಕು. ತಿರುಗುವ ಮೆಷಿನ್ನು ಹಿಡಿಯುವವರು ಮಾತ್ರ ಪ್ಯಾಂಟಿಗೇ ಬರಬೇಕು. ಸೆರಗು, ದುಪಟ್ಟಾ, ಬಿಚ್ಚಿದ ಜಡೆ, ಕೈಬಳೆ ಯಾವುದೂ ಹತ್ತಿರ ಸುಳಿಯಬಾರದು. ಬೂಟು ತರಿಸುವಾಗ ಹೆಂಗಸರ ಅಳತೆಯನ್ನೂ ತರಿಸಿ. ಗಂಡಸರ 8ನೇ ನಂಬರ್ ಗಂಬೂಟಿನಲ್ಲಿ 4ನೇ ನಂಬರ್ ಕಾಲಿಟ್ಟರೆ ಜಾರುವುದು ಖಂಡಿತ.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಶೌಚಾಲಯ ಸಿಗದ ಕಡೆ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ತಲೆಸುತ್ತಿ ಬೀಳುವುದಕ್ಕೂ ಉರಿಮೂತ್ರಕ್ಕೂ ಇದು ದೊಡ್ಡ ಕಾರಣ. ಅಪಾರ್ಟ್‌ಮೆಂಟಿನ ಯಾವ ಶೌಚಾಲಯವನ್ನು ಅವರು ಬಳಸಬಹುದು ಎಂಬುದನ್ನು ಗುತ್ತಿಗೆ ಕರಾರಿನಲ್ಲೇ ಬರೆಸಿ.

ಬೆಳಿಗ್ಗೆ ಕೆಲಸ ಶುರು ಮಾಡೋಕೆ ಮುಂಚೆ ಮೇಸ್ತ್ರಿ ಏನು ನೋಡ್ಬೇಕು?

ಹತ್ತು ನಿಮಿಷ ಸಾಕು, ಆದರೆ ನಡೆದು ನೋಡಬೇಕು. ಮೊದಲು ನೆಲ: ಕಲ್ಲು, ಬಾಟಲಿ, ಕಟ್ಟಡ ಕೆಲಸದವರು ಬಿಟ್ಟ ಬೈಂಡಿಂಗ್ ವೈರು, ಹುಲ್ಲಿನಲ್ಲಿ ಮುಚ್ಚಿಹೋದ ಸ್ಪ್ರಿಂಕ್ಲರ್ ತಲೆ, ಛೇಂಬರಿನ ಒಡೆದ ಮುಚ್ಚಳ, ಗಾರ್ಡನ್ ಲೈಟಿನ ಕಿತ್ತುಬಂದ ಕೇಬಲ್. ತೆಗೆಯಲಾಗದ್ದಕ್ಕೆ ಬಣ್ಣದ ಬಟ್ಟೆ ಕಟ್ಟಿದ ಕಡ್ಡಿ ನೆಡಿ. ಆಮೇಲೆ ತಲೆಯ ಮೇಲೆ: ಕರೆಂಟಿನ ತಂತಿ, ಜೇನುಗೂಡು, ಒಣಗಿ ನೇತಾಡುವ ಕೊಂಬೆ, ಬಲಿತ ತೆಂಗಿನಕಾಯಿ. ಕೊನೆಗೆ ಸುತ್ತಮುತ್ತ: ಶಾಲೆಗೆ ಹೋಗುವ ಮಕ್ಕಳ ಹೊತ್ತು, ನಿಲ್ಲಿಸಿದ ಕಾರು, ವಾಕಿಂಗ್ ಬರುವವರು. ಆಸ್ಪತ್ರೆ ಯಾವುದು, ಗೇಟು ಯಾವುದು, 108ಕ್ಕೆ ಹೇಳಬೇಕಾದ ವಿಳಾಸ ಏನು ಎಂಬುದು ತಂಡದ ಪ್ರತಿಯೊಬ್ಬರಿಗೂ ಬಾಯಿಪಾಠ ಇರಲಿ. ಬೇರೆ ಊರಿಂದ, ಬೇರೆ ರಾಜ್ಯದಿಂದ ಬಂದ ಕೆಲಸಗಾರರಿಗೆ ವಿಳಾಸ ಗೊತ್ತಿಲ್ಲದೇ ಅಮೂಲ್ಯ ಹೊತ್ತು ಕಳೆದುಹೋಗುತ್ತದೆ.

ಫಸ್ಟ್ ಏಡ್ ಡಬ್ಬಿ ಇದೆ, ಆದ್ರೆ ಅದ್ರಲ್ಲಿ ಬರೀ ಬ್ಯಾಂಡ್ ಏಡ್. ಏನಿರಬೇಕು?

ನಮ್ಮ ಕೆಲಸದ ಗಾಯ ದೊಡ್ಡದು, ಡಬ್ಬಿಯೂ ಹಾಗೇ ಇರಬೇಕು. ದಪ್ಪ ಗಾಜ್ ಪ್ಯಾಡು ಹತ್ತು, 10 ಮತ್ತು 15 ಸೆ.ಮೀ. ರೋಲರ್ ಬ್ಯಾಂಡೇಜು ನಾಲ್ಕು ನಾಲ್ಕು, ತ್ರಿಕೋನ ಬಟ್ಟೆ ಎರಡು, ಕಣ್ಣು ತೊಳೆಯಲು ಅರ್ಧ ಲೀಟರಿನ ಸಲೈನ್ ಬಾಟಲಿ ಎರಡು, ಕತ್ತರಿ, ಚಿಮಟ, ಓಆರ್‌ಎಸ್ ಹತ್ತು ಪೊಟ್ಟಣ, ಜಿಪ್ ಇರುವ ಪ್ಲಾಸ್ಟಿಕ್ ಚೀಲ ಕೆಲವು.

ಆ ಚೀಲ ಯಾಕೆಂದರೆ, ಬೆರಳು ತುಂಡಾದರೆ ಅದನ್ನು ಒದ್ದೆ ಗಾಜಿನಲ್ಲಿ ಸುತ್ತಿ, ಚೀಲದೊಳಗೆ ಹಾಕಿ ಬಿಗಿದು, ಆ ಚೀಲವನ್ನು ಐಸು ಬೆರೆಸಿದ ನೀರಿನಲ್ಲಿ ಇಟ್ಟು ಗಾಯಾಳುವಿನ ಜೊತೆಗೇ ಕಳಿಸಬೇಕು. ಬೆರಳಿಗೆ ಐಸು ನೇರವಾಗಿ ತಾಗಿದರೆ ಅಂಗಾಂಶ ಸತ್ತು ಜೋಡಿಸಲು ಬರುವುದಿಲ್ಲ. ರಕ್ತ ಸುರಿಯುತ್ತಿದ್ದರೆ ಪ್ಯಾಡಿಟ್ಟು ಗಟ್ಟಿಯಾಗಿ ಒತ್ತಿಹಿಡಿಯಿರಿ, ನಿಂತಿತಾ ಎಂದು ಎತ್ತೆತ್ತಿ ನೋಡಬೇಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ಮಣ್ಣಿನ ಕೆಲಸವಾದ್ದರಿಂದ ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಎಲ್ಲರಿಗೂ ಆಗಿರಬೇಕು. ಮಣ್ಣು ಮೆತ್ತಿದ ಆಳ ಗಾಯವಾಗಿ ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕು.

## ಮೆಷಿನ್ನುಗಳು

ಬ್ರಷ್ ಕಟರ್ ಒಮ್ಮೊಮ್ಮೆ ಬಲಕ್ಕೆ ಜಾಡಿಸಿ ಒದೆಯುತ್ತೆ. ಮೆಷಿನ್ ಕೆಟ್ಟಿದೆಯಾ?

ಮೆಷಿನ್ನು ಸರಿಯಾಗೇ ಇದೆ, ಬ್ಲೇಡಿನ ತಪ್ಪು ಭಾಗ ಗಟ್ಟಿ ವಸ್ತುವಿಗೆ ತಗುಲುತ್ತಿದೆ. ಮೇಲಿಂದ ನೋಡಿದರೆ ಬ್ಲೇಡು ಎಡಗಡೆಗೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ನಿಮ್ಮ ಎದುರಿಗಿರುವ ತುದಿಯನ್ನು 12 ಗಂಟೆ ಎಂದುಕೊಳ್ಳಿ. 12ರಿಂದ 3ರ ನಡುವಿನ ಭಾಗ ದಪ್ಪ ಕಾಂಡಕ್ಕೋ ಕಲ್ಲಿಗೋ ಕಂಬಕ್ಕೋ ತಾಗಿದರೆ ಇಡೀ ಮೆಷಿನ್ನು ನಿಮ್ಮನ್ನೂ ಸೇರಿಸಿ ಎಳೆದು ಜಾಡಿಸುತ್ತದೆ. ಹತ್ತಿರ ನಿಂತವನ ಕಾಲು ಕತ್ತರಿಸುವುದು ಆಗಲೇ.

ಬ್ಲೇಡಿನ ಎಡಭಾಗದಿಂದ ಕತ್ತರಿಸಿ. ಬಲದಿಂದ ಎಡಕ್ಕೆ ಬೀಸಿ, ಹಿಂದಕ್ಕೆ ತರುವಾಗ ಕತ್ತರಿಸಬೇಡಿ. ಥ್ರಾಟಲ್ ಪೂರ್ತಿ ಕೊಟ್ಟ ಮೇಲೆಯೇ ಗಿಡಕ್ಕೆ ತಾಗಿಸಿ. ನಿಧಾನವಾಗಿ ತಿರುಗುವ ಬ್ಲೇಡು ಸಿಕ್ಕಿಕೊಳ್ಳುವುದು ಹೆಚ್ಚು. ಭುಜದ ಬೆಲ್ಟು ಹಾಕಿ, ಬ್ಲೇಡು ನೆಲಕ್ಕೆ ಸಮಾನಾಂತರವಾಗಿ ತೂಗುವಂತೆ ಉದ್ದ ಹೊಂದಿಸಿ. ಆ ಬೆಲ್ಟಿಗೆ ಎಳೆದ ತಕ್ಷಣ ಬಿಚ್ಚುವ ಕೊಂಡಿ ಇರುತ್ತದೆ. ಮೆಷಿನ್ನಿಗೆ ಬೆಂಕಿ ಹತ್ತಿದಾಗ, ಜೇನು ಎದ್ದಾಗ ಅದನ್ನು ಹುಡುಕುತ್ತ ಕೂರಬಾರದು, ಆಫ್ ಮಾಡಿದ ಮೆಷಿನ್ನಿನಲ್ಲಿ ಮೊದಲೇ ಎಳೆದು ಅಭ್ಯಾಸವಾಗಿರಲಿ. ಬ್ಲೇಡಿನ ನಟ್ಟು ಸಾಮಾನ್ಯವಾಗಿ ಉಲ್ಟಾ ತಿರುಗಿಸಿ ಬಿಗಿಯುವಂಥದ್ದು. ಹೊಸಬರು ಬಿಗಿಯುತ್ತಿದ್ದೇನೆಂದು ಸಡಿಲ ಮಾಡಿಬಿಡುತ್ತಾರೆ.

ಬ್ರಷ್ ಕಟರಿಗೆ ಬ್ಲೇಡಿನ ಬದಲು ಹಾಕೋ ನೈಲಾನ್ ದಾರ ಬೇಗ ಸವೆಯುತ್ತೆ. ಬೈಕಿನ ಕ್ಲಚ್ ವೈರ್ ಹಾಕಬಹುದಾ?

ಬೇಡವೇ ಬೇಡ. ತಂತಿ ತುಂಡಾದಾಗ ಚೂರು ಗುಂಡಿನಂತೆ ಹಾರುತ್ತದೆ. ಬ್ರಷ್ ಕಟರಿಗೆ ಸರಪಳಿಯ ತುಂಡು ಕಟ್ಟುವುದೂ ಇಂಥದ್ದೇ ಕೆಲಸ. ನೈಲಾನ್ ಬೇಗ ಸವೆಯುತ್ತಿದ್ದರೆ ದಾರ ಗೋಡೆ, ಕಲ್ಲಿನ ಅಂಚಿಗೆ ಉಜ್ಜುತ್ತಿದೆ ಎಂದರ್ಥ. ಅಂಚಿನ ಒಂದು ಗೇಣು ಹುಲ್ಲನ್ನು ಕೈಕತ್ತರಿಯಲ್ಲಿ ತೆಗೆಯಿರಿ. ಹಳೇ ಸುರುಳಿ ಒಣಗಿ ಪುಡಿಯಾಗುತ್ತಿದ್ದರೆ ಒಂದು ದಿನ ನೀರಿನಲ್ಲಿ ನೆನೆಸಿಟ್ಟರೆ ಮತ್ತೆ ಮೆದುವಾಗುತ್ತದೆ.

ಮೆಷಿನ್ ಓಡುವಾಗ ಬೇರೆಯವರು 15 ಮೀಟರ್ ದೂರ ಇರಬೇಕು ಅಂತಾರೆ. ಅಪಾರ್ಟ್‌ಮೆಂಟಲ್ಲಿ ಅಷ್ಟು ಜಾಗ ಎಲ್ಲಿದೆ?

ಜಾಗ ಇಲ್ಲದಿದ್ದರೆ ಹೊತ್ತನ್ನು ಬದಲಿಸಬೇಕು. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋದ ಮೇಲೆ, ಬೆಳಿಗ್ಗೆ 10ರಿಂದ 12ರ ಒಳಗೆ ಮೆಷಿನ್ ಕೆಲಸ ಮುಗಿಸಿ. ಹಿಂದಿನ ದಿನವೇ ಲಿಫ್ಟಿನ ಬಳಿ ಚೀಟಿ ಅಂಟಿಸಿ ಕಾರು ತೆಗೆಸಿ. ಒಬ್ಬ ಸಹಾಯಕ ಕಾವಲಿಗೆ ನಿಲ್ಲಲಿ, ಅವನಿಗೂ ಕನ್ನಡಕ ಇರಲಿ, ಯಾರಾದರೂ ಬಂದರೆ ಆಪರೇಟರಿನ ಎದುರಿನಿಂದ ಕೈ ಬೀಸಲಿ. ಕಿವಿ ಮುಚ್ಚಿಕೊಂಡವನ ಬೆನ್ನು ತಟ್ಟಿದರೆ ಅವನು ಮೆಷಿನ್ ಸಮೇತ ತಿರುಗುತ್ತಾನೆ. ಕಾರು, ಗಾಜಿನ ಬಾಗಿಲಿನ ಹತ್ತಿರ ಇಬ್ಬರು ಹಿಡಿಯುವ ಹಸಿರು ಬಲೆಯ ಪರದೆ ಒಳ್ಳೆಯದು.

ಪೆಟ್ರೋಲಿಗೆ ಆಯಿಲ್ ಎಷ್ಟು? ಬಿಸಿ ಇದ್ದಾಗ್ಲೇ ತುಂಬಬಹುದಾ?

ಮೆಷಿನ್ನಿನ ಪುಸ್ತಕದಲ್ಲಿ 1:50 ಎಂದಿದ್ದರೆ ಲೀಟರಿಗೆ 20 ಮಿ.ಲೀ. 2ಟಿ ಆಯಿಲ್, 1:25 ಎಂದಿದ್ದರೆ 40. ಫೋರ್ ಸ್ಟ್ರೋಕ್ ಇಂಜಿನ್ನಿಗೆ ಬೆರೆಸುವುದೇ ಇಲ್ಲ. ಬಿಸಿ ಇಂಜಿನ್ನಿಗೆ ತುಂಬಬೇಡಿ. ಸೈಲೆನ್ಸರಿನ ಮೇಲೆ ಚೆಲ್ಲಿದರೆ ಬೆಂಕಿ. ಹತ್ತು ನಿಮಿಷ ಆರಲಿ, ಅದೇ ಹೊತ್ತಿಗೆ ನೀರು ಕುಡಿಯಿರಿ. ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡಬೇಡಿ. ಬಾಯಾರಿದವನು ನೋಡದೆ ಗುಟುಕರಿಸುತ್ತಾನೆ.

ಕರೆಂಟ್ ಲಾನ್ ಮೂವರ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಎಂಸಿಬಿ ಇದೆಯಲ್ಲ, ಪರವಾಗಿಲ್ವಾ?

ತಕ್ಷಣ ನಿಲ್ಲಿಸಿ. ಎಂಸಿಬಿ ಕಾಪಾಡುವುದು ವೈರಿಂಗನ್ನು. ಮನುಷ್ಯನನ್ನು ಕಾಪಾಡುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು), ಅದು ಇಲ್ಲದ ಸಾಕೆಟ್ಟಿಗೆ ಗಾರ್ಡನ್ ಮೆಷಿನ್ ಹಾಕಬೇಡಿ. ಅದರ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿದಾಗ ಟ್ರಿಪ್ ಆಗಬೇಕು. ಮೂರು ಕೋರಿನ ವೈರು, ಮೂರು ಪಿನ್ನಿನ ಪ್ಲಗ್ಗು. ಅರ್ತ್ ಪಿನ್ ಕಿತ್ತು ಎರಡು ಕಡ್ಡಿ ಚುಚ್ಚುವ ಅಭ್ಯಾಸವೇ ‘ಜುಮ್’ ಅನ್ನಿಸುವುದಕ್ಕೆ ಸಾಮಾನ್ಯ ಕಾರಣ. ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟು ಒದ್ದೆ ಹುಲ್ಲಿನ ಮೇಲೆ ಎಳೆಯಬಾರದು. ವೈರನ್ನು ಭುಜದ ಮೇಲೆ ಹಾಕಿಕೊಂಡು, ಕತ್ತರಿಸಿದ ಕಡೆಗೇ ಬೀಳುವಂತೆ ಸಾಕೆಟ್ಟಿನ ಹತ್ತಿರದಿಂದ ಶುರು ಮಾಡಿ ದೂರ ಸಾಗಿ.

ಹುಲ್ಲು ಸಿಕ್ಕಿ ಬ್ಲೇಡ್ ನಿಂತ್ರೆ ಕೈಯಲ್ಲಿ ತೆಗೀಬಹುದಾ?

ಕರೆಂಟಿನದಾದರೆ ಪ್ಲಗ್ ಕಿತ್ತು, ಬ್ಯಾಟರಿಯದಾದರೆ ಬ್ಯಾಟರಿ ತೆಗೆದು, ಪೆಟ್ರೋಲಿನದಾದರೆ ಸ್ಪಾರ್ಕ್ ಪ್ಲಗ್ಗಿನ ಟೋಪಿ ಬಿಚ್ಚಿ, ಆಮೇಲೂ ಕಡ್ಡಿಯಿಂದಲೇ. ಸ್ವಿಚ್ ಆಫ್ ಮಾಡಿದ್ದು ಸಾಲದು, ಇನ್ನೊಬ್ಬ ಬಂದು ಹಾಕಬಹುದು. ಸಿಲಿಂಡರಿನಂತೆ ಉರುಳುವ ಬ್ಲೇಡಿನ ಮೂವರಿನಲ್ಲಿ ಒಂದನ್ನು ತಿರುಗಿಸಿದರೆ ಎಲ್ಲ ಬ್ಲೇಡೂ ತಿರುಗಿ ಇನ್ನೊಂದು ಕೈಯ ಬೆರಳು ಹೋಗುತ್ತದೆ.

ಸಂಜೆ ಕೈ ಜೋಮು ಹಿಡಿಯುತ್ತೆ, ಕಿವಿ ಗುಂಯ್ ಅನ್ನುತ್ತೆ. ಅಭ್ಯಾಸ ಆದ್ಮೇಲೆ ಹೋಗುತ್ತಾ?

ಹೋಗುವುದಿಲ್ಲ, ಕೂತುಬಿಡುತ್ತದೆ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಎಂದಿಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಹೊತ್ತು ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 97ಕ್ಕೆ ಅರ್ಧ ಗಂಟೆ. ಪೆಟ್ರೋಲ್ ಬ್ರಷ್ ಕಟರು ಆಪರೇಟರಿನ ಕಿವಿಯ ಹತ್ತಿರ 95ರ ಆಸುಪಾಸು ಇರುತ್ತದೆ. ಹತ್ತಿ ತುರುಕುವುದು ಪ್ರಯೋಜನವಿಲ್ಲ, ಇಯರ್ ಮಫ್ ಬೇಕು. ಬೆರಳ ಜೋಮು ಕಂಪನದಿಂದ ನರ, ರಕ್ತನಾಳ ಕೆಡುತ್ತಿರುವ ಮೊದಲ ಗುರುತು. ಚಳಿಯಲ್ಲಿ ಬೆರಳು ಬಿಳಿಚಿಕೊಂಡರೆ ಆ ವ್ಯಕ್ತಿಯನ್ನು ಮೆಷಿನ್ನಿನಿಂದ ತೆಗೆದು ವೈದ್ಯರಿಗೆ ತೋರಿಸಿ. ಒಬ್ಬನಿಗೇ ದಿನವಿಡೀ ಮೆಷಿನ್ ಕೊಡದೆ ಅರ್ಧರ್ಧ ಗಂಟೆಗೆ ಇಬ್ಬರ ನಡುವೆ ಬದಲಿಸಿ. ಸಮತೋಲ ತಪ್ಪಿದ ಬ್ಲೇಡು, ಹರಿದ ಹಿಡಿಯ ರಬ್ಬರು ಕಂಪನವನ್ನು ಹೆಚ್ಚಿಸುತ್ತವೆ. ಅವನ್ನು ಬದಲಿಸುವುದು ಅಗ್ಗದ ಉಪಾಯ.

## ಬಿಸಿಲು, ಜೇನು, ಹಾವು, ಗಿಡ

ಬೇಸಿಗೆಯಲ್ಲಿ ಕೆಲಸದ ಟೈಮ್ ಹೇಗೆ ಇಟ್ಕೋಬೇಕು?

ಕಲಬುರಗಿ ಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗಿನವರಿಗೇ ಹೀಗಿರುವಾಗ ಗುದ್ದಲಿ ಹಿಡಿದವರಿಗೆ ಕೇಳಬೇಕೆ? ಗುಂಡಿ ತೋಡುವುದು, ಮಣ್ಣು ಹೊರುವುದು ಬೆಳಿಗ್ಗೆ 6.30ರಿಂದ 11, ನೆರಳಿನ ಕೆಲಸ ನಡುಹೊತ್ತು, ಉಳಿದದ್ದು 3.30ರ ಮೇಲೆ. ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು. ಬಾಯಾರಿಕೆಗೆ ಕಾಯಬಾರದು.

ಮೊದಲ ವಾರವೇ ಹೆಚ್ಚು ಅಪಾಯದ್ದು. ಹೊಸಬರಿಗೆ, ರಜೆ ಮುಗಿಸಿ ಬಂದವರಿಗೆ ಮೊದಲ ದಿನ ಬಿಸಿಲಲ್ಲಿ ಐದರಲ್ಲೊಂದು ಪಾಲು ಕೆಲಸ ಕೊಟ್ಟು, ದಿನಕ್ಕೊಂದು ಪಾಲು ಏರಿಸಿ. ತಲೆನೋವು, ಸ್ನಾಯುಸೆಳೆತ ಇದ್ದರೆ ನೆರಳು, ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್. ಮಾತು ತೊದಲಿದರೆ, ಗೊಂದಲ ಕಂಡರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡುತ್ತಲೇ ಗಾರ್ಡನ್ ಪೈಪಿನಿಂದ ಮೈಪೂರ್ತಿ ನೀರು ಹೊಯ್ದು ಗಾಳಿ ಬೀಸಿ. ಬಿಸಿಲಿಗೆ ಬಿದ್ದ ಪೈಪಿನ ಮೊದಲ ನೀರು ಸುಡುತ್ತದೆ, ಅದನ್ನು ಹರಿಯಬಿಟ್ಟು ಆಮೇಲೆ ಹೊಯ್ಯಿರಿ. ಎಚ್ಚರ ಇಲ್ಲದವರಿಗೆ ನೀರು ಕುಡಿಸಬೇಡಿ.

ಮರದ ಮೇಲೆ ಹೆಜ್ಜೇನು ಕಟ್ಟಿದೆ. ಕೆಳಗೆ ಮೆಷಿನ್ ಓಡಿಸಬಹುದಾ?

ಬೇಡ. ಸದ್ದು, ಕಂಪನ, ಹೊಗೆ, ಕೊಂಬೆ ಅಲುಗುವುದು ಎಲ್ಲಕ್ಕೂ ಹೆಜ್ಜೇನು ಏಳುತ್ತದೆ. ಆ ಭಾಗಕ್ಕೆ ಹಗ್ಗ ಕಟ್ಟಿ ಕೈಗೆಲಸವನ್ನೂ ಬಿಟ್ಟುಬಿಡಿ, ಹೂವಿನ ಕಾಲ ಮುಗಿದ ಮೇಲೆ ಅವು ತಾವಾಗಿ ಬೇರೆಡೆ ಹೋಗುತ್ತವೆ. ತೆಗೆಸಲೇಬೇಕಾದರೆ ಪಳಗಿದವರನ್ನು ಕರೆಸಿ. ಹೊಗೆ ಹಾಕಲು ಮಾಲಿಯನ್ನು ಹತ್ತಿಸಬೇಡಿ.

ಎದ್ದರೆ ಮೆಷಿನ್ ಬಿಟ್ಟು, ಮುಖ ಮುಚ್ಚಿಕೊಂಡು, ಬಾಗಿಲಿರುವ ಕೋಣೆಗೋ ಕಾರಿನೊಳಗೋ ಓಡಿ. ಕೈ ಬೀಸಿ ಹೊಡೆಯಬೇಡಿ, ನೀರಿಗೆ ಹಾರಬೇಡಿ: ಮೇಲೆದ್ದಾಗ ಅವು ಅಲ್ಲೇ ಇರುತ್ತವೆ. ಚುಚ್ಚಿದ ಮುಳ್ಳಿನಿಂದ ಬರುವ ವಾಸನೆಯೇ ಉಳಿದ ಹುಳುಗಳನ್ನು ಕರೆಯುತ್ತದೆ, ಆದ್ದರಿಂದ ಸುರಕ್ಷಿತ ಜಾಗಕ್ಕೆ ಬಂದ ಕೂಡಲೇ ಉಗುರಿನಿಂದ ಕೆರೆದು ಮುಳ್ಳು ತೆಗೆಯಿರಿ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಮೈಯೆಲ್ಲ ದದ್ದೆದ್ದು ತಲೆ ತಿರುಗಿದರೆ ಒಂದೇ ಕಡಿತವಾದರೂ ಆಸ್ಪತ್ರೆ. ಹತ್ತಾರು ಕಡೆ ಚುಚ್ಚಿದ್ದರೆ ಲಕ್ಷಣ ಇರಲಿ ಬಿಡಲಿ ಆಸ್ಪತ್ರೆ.

ಹಾವು ಕಚ್ಚಿದ್ರೆ ಬಿಗಿಯಾಗಿ ಕಟ್ಟು ಹಾಕ್ಬೇಕಲ್ವಾ?

ಹಾಕಬಾರದು. ಕಟ್ಟು ಹಾಕಿದ ಕೈಕಾಲು ರಕ್ತವಿಲ್ಲದೆ ಕೊಳೆಯಬಹುದು, ಬಿಚ್ಚಿದಾಗ ವಿಷ ಒಮ್ಮೆಲೇ ನುಗ್ಗುತ್ತದೆ. ಕೊಯ್ಯುವುದು, ಹೀರುವುದು, ನಾಟಿ ಔಷಧಿಗೆ ಅಲೆಯುವುದು ಎಲ್ಲವೂ ಹೊತ್ತು ಹಾಳು. ಕಚ್ಚಿದ ಕೈಯ ಉಂಗುರ, ಬಳೆ, ಕಾಲಿನ ಗೆಜ್ಜೆ, ಬೂಟು ತೆಗೆಯಿರಿ. ಮುರಿದ ಮೂಳೆಗೆ ಕಟ್ಟುವ ಹಾಗೆ ದಬ್ಬೆ ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಿ. ಹಾವನ್ನು ಹಿಡಿದು ತರಬೇಕಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಕೊಡುವುದು ಒಂದೇ ಪ್ರತಿವಿಷ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು.

ತಪ್ಪಿಸುವ ದಾರಿ: ಒಟ್ಟಿದ ಎಲೆರಾಶಿ, ಇಟ್ಟಿಗೆ ಗುಡ್ಡೆ, ಕುಂಡದ ಅಡಿಗೆ ಕೈ ಹಾಕುವ ಮೊದಲು ಉದ್ದ ಹಿಡಿಯ ರೇಕಿನಿಂದ ಎಳೆದು ನೋಡುವುದು, ಮತ್ತು ಗಂಬೂಟು.

ಪಾರ್ಥೇನಿಯಂ ಕಿತ್ತರೆ ಮೈಯೆಲ್ಲ ತುರಿಕೆ. ಬೇರೆ ಯಾವ ಗಿಡಕ್ಕೆ ಹುಷಾರಾಗಿರಬೇಕು?

ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ, ಮಳೆಯಾಗಿ ನೆಲ ಮೆತ್ತಗಿರುವಾಗ ಗ್ಲೌಸು, ಮಾಸ್ಕು ಹಾಕಿ ಬೇರುಸಹಿತ ಕೀಳಿ. ಒಮ್ಮೆ ಅಲರ್ಜಿ ಶುರುವಾದವರನ್ನು ಆ ಕೆಲಸಕ್ಕೆ ಮತ್ತೆ ಹಾಕಬೇಡಿ, ಪ್ರತಿ ಸಲವೂ ಜೋರಾಗುತ್ತದೆ. ಕಳ್ಳಿ ಜಾತಿಯ ಹಾಲು ಕಣ್ಣಿಗೆ ಬಿದ್ದರೆ ಉಜ್ಜದೆ 15–20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಿ. ಕಣಗಿಲೆಯ ಎಲ್ಲ ಭಾಗವೂ ವಿಷ; ಕತ್ತರಿಸಿದ ಕಡ್ಡಿಯನ್ನು ಸುಡಬೇಡಿ, ಹೊಗೆಯೂ ಕೆಟ್ಟದ್ದು.

## ಔಷಧಿ ಹೊಡೆಯುವುದು

ಡಬ್ಬಿ ಮೇಲಿನ ಬಣ್ಣದ ಗುರುತಿಗೆ ಏನರ್ಥ? ಕರ್ಚೀಫ್ ಕಟ್ಕೊಂಡ್ರೆ ಸಾಕಾ?

ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಇಳಿಯುತ್ತದೆ. ಮಕ್ಕಳು ಆಡುವ ಅಪಾರ್ಟ್‌ಮೆಂಟು ಲಾನಿಗೆ ಕೆಂಪು, ಹಳದಿ ತರುವುದಕ್ಕೆ ಯಾವ ಕಾರಣವೂ ಇಲ್ಲ. ಕರ್ಚೀಫು ಹನಿಗಳನ್ನು ಹೀರಿ ಬಾಯಿಯ ಮುಂದೆ ಹಿಡಿದಿಡುತ್ತದೆ, ಅಷ್ಟೆ. ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕು, ಕಣ್ಣಿಗೆ ಗಾಗಲ್ಸು, ಪ್ಲಾಸ್ಟಿಕ್ ಏಪ್ರನ್ನು, ಗಂಬೂಟಿನ ಹೊರಗೆ ಬಿಟ್ಟ ಪ್ಯಾಂಟು ಬೇಕು. ಪ್ಯಾಂಟನ್ನು ಒಳಗೆ ಸಿಕ್ಕಿಸಿದರೆ ಔಷಧಿ ಬೂಟಿನೊಳಗೆ ಇಳಿಯುತ್ತದೆ.

ಕೈಗೆ ಹೆಚ್ಚು ವಿಷ ತಗುಲುವುದು ಹೊಡೆಯುವಾಗಲ್ಲ, ಬೆರೆಸುವಾಗ. ಡಬ್ಬಿಯಲ್ಲಿರುವುದು ನೀರು ಸೇರದ ಗಟ್ಟಿ ಔಷಧಿ. ಹದಿನಾರು ಲೀಟರಿನ ಸ್ಪ್ರೇಯರಿಗೆ ಅರ್ಧ ನೀರು ತುಂಬಿ, ಅಳತೆ ಲೋಟದಿಂದ ಔಷಧಿ ಹಾಕಿ, ಉಳಿದ ನೀರು ತುಂಬಿಸಿ. ಮುಚ್ಚಳದಲ್ಲಿ ಅಂದಾಜು ಹಾಕುವುದು, ಕೈಯಿಂದ ಕದಡುವುದು ಬೇಡ.

ಗಾಳಿ ಇದ್ದಾಗ ಯಾವ ಕಡೆಯಿಂದ ಹೊಡೀಬೇಕು? ನಾಜಲ್ ಕಟ್ಟಿಕೊಂಡ್ರೆ?

ಗಾಳಿ ಪಕ್ಕದಿಂದ ಬೀಸುವಂತೆ ನಡೆಯಿರಿ. ಗಾಳಿ ಸಾಗುವ ಕಡೆಯ ಅಂಚಿನಿಂದ ಶುರು ಮಾಡಿ, ಸಾಲು ಸಾಲಾಗಿ ಗಾಳಿ ಬರುವ ಕಡೆಗೆ ಸರಿಯಿರಿ. ಆಗ ಹೊಡೆದ ಜಾಗವನ್ನು ಮತ್ತೆ ತುಳಿಯುವುದಿಲ್ಲ. ಎಲೆಗಳು ಬಿಡದೆ ಅಲುಗುತ್ತಿದ್ದರೆ ಆ ದಿನ ಬೇಡ. ನಾಜಲ್ಲಿಗೆ ಬಾಯಿಟ್ಟು ಊದಬೇಡಿ, ಹಳೇ ಟೂತ್‌ಬ್ರಷ್ ಇಟ್ಟುಕೊಳ್ಳಿ. ಒಣಗುವವರೆಗೆ ಮಕ್ಕಳು, ನಾಯಿಗಳನ್ನು ಬಿಡಬೇಡಿ. ಖಾಲಿ ಡಬ್ಬಿಯನ್ನು ಮೂರು ಸಲ ಜಾಲಾಡಿ ಆ ನೀರನ್ನು ಸ್ಪ್ರೇಯರಿಗೇ ಹಾಕಿ, ತೂತು ಮಾಡಿ ಬಿಡಿ.

ಬೆವರು, ಜೊಲ್ಲು, ಕಣ್ಣಲ್ಲಿ ನೀರು, ಮಾಂಸಖಂಡ ಅದುರುವುದು ಕಂಡರೆ ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ತೊಳೆದು, ಲೇಬಲ್ ಇರುವ ಡಬ್ಬಿ ಸಮೇತ ಆಸ್ಪತ್ರೆಗೆ ಸಾಗಿಸಿ. ಯಾವ ವಿಷ ಎಂದು ಗೊತ್ತಾದರೆ ಮಾತ್ರ ಸರಿಯಾದ ಮದ್ದು. ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಅದನ್ನು ಸ್ಟೋರಿನಲ್ಲಿ ಇಡದಿರುವುದೇ ಕ್ಷೇಮ.

## ಎತ್ತರ, ತಂತಿ, ಗುಂಡಿ, ರಸ್ತೆ

ಮರಕ್ಕೆ ತಾಗಿಕೊಂಡೇ ಕರೆಂಟ್ ಲೈನ್ ಇದೆ. ಬಿದಿರಿನ ದೋಟಿಯಲ್ಲಿ ಕಟಿಂಗ್ ಮಾಡಬಹುದಾ?

ಹಸಿ ಬಿದಿರಿನಲ್ಲಿ, ಒದ್ದೆ ಬಿದಿರಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯುಮಿನಿಯಂ ದೋಟಿಯಂತೂ ತಂತಿಯೇ. ತಂತಿಗೆ ತಾಗಿದ ಹಸಿಕೊಂಬೆಯೂ ಅಷ್ಟೇ. ಮನುಷ್ಯ, ಉಪಕರಣ, ಬೀಳುವ ಕೊಂಬೆ ಯಾವುದಾದರೂ ತಂತಿಯ 3 ಮೀಟರ್ ಒಳಗೆ ಹೋಗುವಂತಿದ್ದರೆ ಕೆಲಸ ನಿಲ್ಲಿಸಿ, ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ಲೈನ್ ಆಫ್ ಮಾಡಿಸಿಕೊಂಡೇ ಮಾಡಿ. ‘ಈಗ ಪವರ್ ಕಟ್ ಇದೆ’ ಎಂಬ ನಂಬಿಕೆಯಲ್ಲಿ ಕತ್ತರಿಸಬೇಡಿ. ಯಾವ ಗಳಿಗೆಯಲ್ಲಾದರೂ ಬರುತ್ತದೆ, ಯಾರದೋ ಜನರೇಟರಿನಿಂದಲೂ ಬರಬಹುದು. ತಂತಿ ಹರಿದು ಬಿದ್ದಿದ್ದರೆ ಹತ್ತು ಮೀಟರ್ ದೂರವಿರಿ. ಸಿಕ್ಕಿಕೊಂಡವನನ್ನು ಮುಟ್ಟಿದವನೂ ಹೋಗುತ್ತಾನೆ.

ದೊಡ್ಡ ಕೊಂಬೆ ಕಡಿದಾಗ ಸಿಗಿದು ಬಂದು ಏಣಿಗೆ ಹೊಡೆಯುತ್ತೆ. ಸರಿಯಾದ ಕ್ರಮ ಯಾವುದು?

ಮೂರು ಕೊಯ್ತ. ಕಾಂಡದಿಂದ ಸುಮಾರು 30 ಸೆ.ಮೀ. ಬಿಟ್ಟು ಕೊಂಬೆಯ ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಗರಗಸ ಹಾಕಿ. ಅದಕ್ಕಿಂತ ಕೆಲವು ಸೆ.ಮೀ. ಹೊರಗೆ ಮೇಲಿನಿಂದ ಕೊಯ್ದರೆ ಕೊಂಬೆ ಸಿಗಿಯದೆ ಮುರಿದು ಬೀಳುತ್ತದೆ. ಕೊನೆಗೆ ಮೋಟನ್ನು, ಬುಡದ ಉಬ್ಬಿಗೆ ಗಾಯವಾಗದಂತೆ ತೆಗೆಯಿರಿ. ಮಣಿಕಟ್ಟಿಗಿಂತ ದಪ್ಪ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಿ.

ಏಣಿಯ ಮೇಲೆ ನಿಂತು ಚೈನ್ ಸಾ ಓಡಿಸಬಾರದು, ಭುಜಕ್ಕಿಂತ ಮೇಲೆ ಎತ್ತಬಾರದು. ಏಣಿಯನ್ನು ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಹೊರಬರುವಂತೆ ಒರಗಿಸಿ. ಲಾನಿನಲ್ಲಿ ಕಾಲು ಹೂಳದಂತೆ ಹಲಗೆ ಕೊಡಿ. ಎರಡು ಮೀಟರ್ ಮೀರಿದ ಕೆಲಸಕ್ಕೆ ಪೂರ್ತಿ ಮೈಯ ಹಾರ್ನೆಸ್ಸು, ಅದನ್ನು ಕೊಯ್ಯುತ್ತಿರುವ ಕೊಂಬೆಗೆ ಕಟ್ಟದಷ್ಟು ಎಚ್ಚರ. ಗುಲ್‌ಮೊಹರ್, ಸ್ಪಾಥೋಡಿಯಾದಂಥ ಪೆಡಸು ಮರಗಳನ್ನು ಹತ್ತುವ ಬದಲು ಲಿಫ್ಟ್ ವಾಹನ ತರಿಸಿ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು ಎಂಬುದು ಬೇರೆ ಮಾತು.

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನೀರೇ ಗಿಡಕ್ಕೆ. ವಾಲ್ವ್ ಕಟ್ಟಿದ್ರೆ ಮಾಲಿಯನ್ನೇ ಟ್ಯಾಂಕಿಗೆ ಇಳಿಸ್ತಾರೆ, ಇಳೀಬಹುದಾ?

ಇಳಿಯಬಾರದು. ಎರಡು ನಿಮಿಷದ ಕೆಲಸವಾದರೂ ಇಳಿಯಬಾರದು, ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಇಳಿಯಬಾರದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತೆಂದು ಧೈರ್ಯ ಮಾಡುವ ಹೊತ್ತಿಗೇ ಕುಸಿದಿರುತ್ತಾರೆ. ಅವರನ್ನು ಎತ್ತಲು ಇಳಿದ ಎರಡನೆಯವರು, ಮೂರನೆಯವರೂ ಸಾಯುವುದು ಇಂಥ ದುರಂತಗಳ ರೂಢಿಯ ಕ್ರಮ. ಬಹುಕಾಲ ಮುಚ್ಚಿದ್ದ ಸಂಪಿನಲ್ಲೂ ಆಮ್ಲಜನಕ ಕಡಿಮೆ ಇರುತ್ತದೆ.

ರಕ್ಷಣಾ ವ್ಯವಸ್ಥೆ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ವಾಲ್ವು ನೆಲದ ಮೇಲೇ ಇರುವಂತೆ ಪೈಪು ಬದಲಿಸಲಿ. ಉಳಿದದ್ದಕ್ಕೆ ಗ್ಯಾಸ್ ಮೀಟರು, ಗಾಳಿ ಯಂತ್ರ ಇರುವ ಏಜೆನ್ಸಿ ಬರಲಿ. ಯಾರಾದರೂ ಒಳಗೆ ಬಿದ್ದಿದ್ದರೆ 112, ಮತ್ತು ಇನ್ನೊಬ್ಬರು ಇಳಿಯದಂತೆ ಹಿಡಿದು ನಿಲ್ಲಿಸುವುದು.

ರಸ್ತೆ ಮಧ್ಯದ ಗಿಡಗಳಿಗೆ ನೀರು ಬಿಡುವಾಗ ವಾಹನ ಮೈಮೇಲೇ ಬರುತ್ತೆ. ಏನು ಮಾಡೋದು?

ಟ್ಯಾಂಕರನ್ನು ಕೆಲಸಗಾರರ ಹಿಂದೆ, ಬರುವ ವಾಹನಗಳಿಗೂ ಇವರಿಗೂ ನಡುವೆ ಗೋಡೆಯಂತೆ ನಿಲ್ಲಿಸಿ, ಮಿನುಗುವ ದೀಪ ಹಾಕಿ. ಟ್ಯಾಂಕರಿನ ಹಿಂದೆ ಕೋನುಗಳನ್ನು ಒಮ್ಮೆಲೇ ಅಡ್ಡ ಇಡದೆ ಓರೆಯಾಗಿ, ಉದ್ದಕ್ಕೆ ಇಡಬೇಕು. ಇದರ ಅಳತೆಗಳು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ‘ಐಆರ್‌ಸಿ ಎಸ್‌ಪಿ 55’ ಕೈಪಿಡಿಯಲ್ಲಿವೆ. ಬಿಳಿಪಟ್ಟಿಯ ಹೊಳೆಯುವ ಜಾಕೆಟ್ಟು ಎಲ್ಲರಿಗೂ. ಬೆನ್ನು ತೋರಿಸದೆ, ವಾಹನ ಬರುವ ಕಡೆ ಮುಖ ಮಾಡಿ ಕೆಲಸ. ಸಂಜೆ ಮಬ್ಬಿನಲ್ಲಿ ಬೇಡ.

## ಪೆಟ್ಟಾದ ಮೇಲೆ

ಕೆಲಸದಲ್ಲಿ ಪೆಟ್ಟಾದ್ರೆ ದುಡ್ಡು ಯಾರು ಕೊಡ್ತಾರೆ? ಗುತ್ತಿಗೆದಾರ ‘ನಿನ್ನದೇ ತಪ್ಪು’ ಅಂತಾನೆ.

ತಪ್ಪು ಯಾರದು ಎಂಬುದರ ಮೇಲೆ ಇದು ಸಾಮಾನ್ಯವಾಗಿ ನಿಂತಿಲ್ಲ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ, ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಸಂಸ್ಥೆಯಲ್ಲಿ ತಿಂಗಳ ಸಂಬಳ ₹21,000 ಒಳಗಿದ್ದರೆ ಇಎಸ್‌ಐ ಅನ್ವಯ. ಕೆಲಸಗಾರನ ಪಾಲು ಶೇ. 0.75, ಮಾಲೀಕನದು ಶೇ. 3.25. ಕೆಲಸದ ಗಾಯಕ್ಕೆ ಇಷ್ಟು ತಿಂಗಳು ಕಟ್ಟಿರಬೇಕೆಂಬ ಷರತ್ತಿಲ್ಲ, ಸೇರಿದ ಮೊದಲ ದಿನವೇ ಪೆಟ್ಟಾದರೂ ಚಿಕಿತ್ಸೆಯೂ ಸಂಬಳದ ಸುಮಾರು ಶೇ. 90 ಭತ್ಯೆಯೂ ಸಿಗುತ್ತದೆ. ಆದ್ದರಿಂದ ಹೊಸಬನ ಹೆಸರನ್ನು ‘ತಿಂಗಳು ಕಳೆಯಲಿ’ ಎಂದು ಕಾಯದೆ ಆ ದಿನವೇ ನೋಂದಾಯಿಸಬೇಕು.

ಇಎಸ್‌ಐ ಇಲ್ಲದಿದ್ದರೆ ಪರಿಹಾರ ಮಾಲೀಕನ ಜೇಬಿನಿಂದಲೇ. 1923ರ ಪರಿಹಾರ ಕಾಯ್ದೆಯ ಲೆಕ್ಕವೇ 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ: ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. ₹15,000 ಸಂಬಳದ 30 ವರ್ಷದವರಿಗೆ ಆ ಸಂಖ್ಯೆ 207.98, ಅಂದರೆ ₹15,59,850. ಸಣ್ಣ ಗುತ್ತಿಗೆದಾರನಿಗೆ ಇದು ಕಂಪನಿ ಮುಚ್ಚುವಷ್ಟು ಮೊತ್ತ. ಇದಕ್ಕೆಂದೇ ವಿಮಾ ಪಾಲಿಸಿ ಸಿಗುತ್ತದೆ, ಅದರ ಪ್ರತಿ ನೋಡದೆ ಅಸೋಸಿಯೇಷನ್‌ನವರು ಗುತ್ತಿಗೆ ಕೊಡಬಾರದು.

ಗಾಯವಾದ ದಿನ ಮಾಡಬೇಕಾದ್ದು: ಆಸ್ಪತ್ರೆಯ ಚೀಟಿಯಲ್ಲಿ ‘ಕೆಲಸ ಮಾಡುವಾಗ ಆದದ್ದು’ ಎಂದು ಬರೆಸುವುದು, ಜಾಗ ಮತ್ತು ಮೆಷಿನ್ನಿನ ಫೋಟೊ, ಕಂಡ ಇಬ್ಬರ ಹೆಸರು, ಹಾಜರಿ ಪುಸ್ತಕದ ಆ ಪುಟದ ಫೋಟೊ. ‘ಮನೆಯಲ್ಲಿ ಬಿದ್ದೆ ಅಂತ ಹೇಳು, ಖರ್ಚು ನಾನು ನೋಡ್ಕೋತೀನಿ’ ಎಂಬ ಮಾತಿಗೆ ಒಪ್ಪಿ ಬರೆಸಿದ ಚೀಟಿಯನ್ನು ಆಮೇಲೆ ತಿದ್ದಿಸುವುದು ಬಹಳ ಕಷ್ಟ.